ಅಪಧಮನಿಯನ್ನು ಉಬ್ಬಿಸುವ ಸೋಂಕು

ಅಪಧಮನಿಯ ಗೋಡೆ ಒಂದೆಡೆ ಸಡಿಲಗೊಂಡು, ರಕ್ತದ ಒತ್ತಡಕ್ಕೆ ಬಲೂನಿನಂತೆ ಉಬ್ಬಿದರೆ ಅದು ಅನ್ಯೂರಿಸಂ. ವಯಸ್ಸು, ಧೂಮಪಾನ, ರಕ್ತದೊತ್ತಡಗಳಿಂದ ಬರುವ ಸಾಮಾನ್ಯ ಉಬ್ಬು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಬ್ಯಾಕ್ಟೀರಿಯಾ ಹುಟ್ಟಿಸುವ ಉಬ್ಬು ಅಪರೂಪ, ಆದರೆ ಅದಕ್ಕೆ ಅಷ್ಟು ತಾಳ್ಮೆಯಿಲ್ಲ. ಕೆಲವೇ ವಾರಗಳಲ್ಲಿ ಹಿಗ್ಗಿ ಒಡೆಯಬಲ್ಲದು.

ವೈದ್ಯರು ಇದನ್ನು ‘ಮೈಕಾಟಿಕ್ ಅನ್ಯೂರಿಸಂ’ ಎನ್ನುತ್ತಾರೆ. ಮೈಕಾಟಿಕ್ ಎಂದರೆ ಶಿಲೀಂಧ್ರದ್ದು. 1885ರಲ್ಲಿ ಲಂಡನ್ನಿನ ಉಪನ್ಯಾಸಗಳಲ್ಲಿ ವಿಲಿಯಂ ಆಸ್ಲರ್ ಈ ಪದ ಬಳಸಿದರು. ಶಿಲೀಂಧ್ರದಿಂದ ಬರುವ ಪ್ರಕರಣಗಳು ತೀರಾ ಕಡಿಮೆಯಾದರೂ ಆ ಹೆಸರೇ ನಿಂತುಬಿಟ್ಟಿತು.

ಆರೋಗ್ಯವಾಗಿರುವ ಅಪಧಮನಿಯ ನುಣುಪಾದ ಒಳಪದರ ಬ್ಯಾಕ್ಟೀರಿಯಾಗಳಿಗೆ ಸುಲಭಕ್ಕೆ ನೆಲೆ ಕೊಡುವುದಿಲ್ಲ. ಕೊಬ್ಬು ಕಟ್ಟಿ ಒರಟಾದ ಕಡೆ ಅವು ಅಂಟಿಕೊಳ್ಳುತ್ತವೆ. ಕರುಳಿನ ಸೋಂಕಿಗೆ ಹೆಸರಾದ ಸಾಲ್ಮೊನೆಲ್ಲಾ ರಕ್ತಕ್ಕೆ ಸೇರಿದಾಗ ವಯಸ್ಸಾದವರ ಹೊಟ್ಟೆಯ ಮಹಾಪಧಮನಿಯಲ್ಲಿ ತಳವೂರುವುದು ಹೀಗೆ. ಇನ್ನೊಂದು ದಾರಿ ಹೃದಯದ ಮೂಲಕ: ಸ್ಟ್ಯಾಫಿಲೊಕಾಕಸ್ ಅಥವಾ ಸ್ಟ್ರೆಪ್ಟೊಕಾಕಸ್ ಸೋಂಕಿಗೆ ತುತ್ತಾದ ಕವಾಟದಿಂದ ಚೂರೊಂದು ಕಳಚಿ, ತೇಲಿಹೋಗಿ, ರಕ್ತನಾಳ ಕವಲೊಡೆಯುವಲ್ಲಿ ಸಿಕ್ಕಿಕೊಳ್ಳುತ್ತದೆ. ಮಿದುಳಿನ ಸೋಂಕಿನ ಉಬ್ಬುಗಳು ಹೆಚ್ಚಾಗಿ ಈ ಬಗೆಯವು. ಪಕ್ಕದ ಅಂಗದಿಂದಲೂ ಸೋಂಕು ಹರಡಬಹುದು. ಕ್ಷಯ ಕೊರೆದ ಶ್ವಾಸಕೋಶದ ಕುಳಿಯ ಅಂಚಿನಲ್ಲಿ ಏಳುವ ಉಬ್ಬಿಗೆ ಡೆನ್ಮಾರ್ಕಿನ ವೈದ್ಯ ರಾಸ್ಮುಸೆನ್ ಹೆಸರಿದೆ.

ವಿಚಿತ್ರವೆಂದರೆ, ಗೋಡೆಯನ್ನು ಹಾಳುಗೆಡವುವ ಕೆಲಸದಲ್ಲಿ ದೇಹದ ರಕ್ಷಣಾಪಡೆಯ ಪಾಲೂ ದೊಡ್ಡದು. ಬ್ಯಾಕ್ಟೀರಿಯಾಗಳ ಮೇಲೆ ಮುಗಿಬೀಳುವ ಬಿಳಿ ರಕ್ತಕಣಗಳು ಸುರಿಸುವ ಕಿಣ್ವಗಳು, ಗೋಡೆಗೆ ಬಿಗಿ ಕೊಡುವ ಇಲಾಸ್ಟಿನ್ ಎಳೆಗಳನ್ನೂ ಕರಗಿಸುತ್ತವೆ.

ಸಿಫಿಲಿಸ್ ರೋಗದ್ದು ಬೇರೆಯೇ ಲೆಕ್ಕ. ಅದು ಮಹಾಪಧಮನಿಯ ಗೋಡೆಗೇ ರಕ್ತ ಉಣಿಸುವ ಸೂಕ್ಷ್ಮ ನಾಳಗಳನ್ನು ಮುಚ್ಚಿ, ಸೋಂಕು ತಗುಲಿದ ದಶಕಗಳ ಬಳಿಕ ಎದೆಯೊಳಗೆ ಉಬ್ಬು ತರುತ್ತದೆ. ಪೆನಿಸಿಲಿನ್ ಬಂದಮೇಲೆ ಇದು ವಿರಳವಾಯಿತು. ಕರ್ನಾಟಕದ ಕರಾವಳಿಯಲ್ಲಿ ಮಳೆಗಾಲದಲ್ಲಿ ಹೆಚ್ಚಾಗಿ ಕಾಣಿಸುವ, ಮಣ್ಣಿನ ಬ್ಯಾಕ್ಟೀರಿಯಾದಿಂದ ಬರುವ ಮೆಲಿಯಾಯ್ಡೋಸಿಸ್ ಕೂಡ ಒಮ್ಮೊಮ್ಮೆ ಅಪಧಮನಿಗಳನ್ನು ಉಬ್ಬಿಸುತ್ತದೆ. ಮಧುಮೇಹಿಗಳಿಗೆ ಈ ಕಾಯಿಲೆಯ ಅಪಾಯ ಹೆಚ್ಚು.

ಬಿಡದ ಜ್ವರ, ಬೆನ್ನು ಅಥವಾ ಹೊಟ್ಟೆನೋವು, ಮಿಡಿಯುವ ಗಂಟು ಸೋಂಕಿನ ಉಬ್ಬಿನ ಲಕ್ಷಣಗಳು. ಎಷ್ಟೋ ಸಲ ಜ್ವರವೊಂದೇ ಇರುವುದರಿಂದ ಪತ್ತೆ ತಡವಾಗುತ್ತದೆ. ರಕ್ತದ ಕಲ್ಚರ್ ಪರೀಕ್ಷೆಯಿಂದ ಬ್ಯಾಕ್ಟೀರಿಯಾ ಯಾವುದೆಂದು, ಸಿಟಿ ಆಂಜಿಯೋಗ್ರಾಂನಿಂದ ಉಬ್ಬು ಎಲ್ಲಿದೆಯೆಂದು ತಿಳಿಯುತ್ತದೆ. ಮಹಾಪಧಮನಿಯಲ್ಲಾದರೆ ಆ್ಯಂಟಿಬಯೋಟಿಕ್ ಒಂದೇ ಸಾಮಾನ್ಯವಾಗಿ ಸಾಲದು. ಕೆಟ್ಟ ಭಾಗ ಕತ್ತರಿಸಿ ಕೃತಕ ಕೊಳವೆ ಜೋಡಿಸುತ್ತಾರೆ, ಇಲ್ಲವೇ ನಾಳದೊಳಗಿಂದಲೇ ಸ್ಟೆಂಟ್ ಕೂರಿಸುತ್ತಾರೆ. ಹೊಸ ಕೊಳವೆಗೂ ಸೋಂಕು ತಗುಲಬಹುದಾದ್ದರಿಂದ ಔಷಧ ಕನಿಷ್ಠ 6 ವಾರ, ಕೆಲವರಿಗೆ ಜೀವನಪರ್ಯಂತ ಮುಂದುವರಿಯುತ್ತದೆ.