ತಪ್ಪು ಇಬ್ಬರದೂ, ಶಿಕ್ಷೆ ಅವಳಿಗೆ

ಕಾವೇರಿಯ ತಪ್ಪು ಮದುವೆಗೆ ಮುಂಚಿನದು. ಗಂಡ ಸತೀಶನದು ಮದುವೆಯಾದ ಮೇಲಿನದು. ಹುಚ್ಚಿಯೆನಿಸಿಕೊಂಡು ಒಂಟಿಯಾದವಳು ಕಾವೇರಿಯೊಬ್ಬಳೇ. ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ 1971ರಲ್ಲಿ ‘ಶರಪಂಜರ’ ತೆರೆಗೆ ತಂದಾಗ, ಕಾವೇರಿಯಾಗಿ ಕಲ್ಪನಾ ಅವರ ಅಭಿನಯ ಆ ಅನ್ಯಾಯವನ್ನು ಕನ್ನಡದ ಮನೆಮನೆಗೂ ಮುಟ್ಟಿಸಿತು.

ಎರಡೇ ವರ್ಷದಲ್ಲಿ ಪುಟ್ಟಣ್ಣ ಇನ್ನೊಂದು ಹೆಜ್ಜೆ ಮುಂದಿಟ್ಟರು. ಭಾರತೀಸುತರ ಕಾದಂಬರಿಯಿಂದ 1973ರಲ್ಲಿ ಬಂದ ‘ಎಡಕಲ್ಲು ಗುಡ್ಡದ ಮೇಲೆ’ಯಲ್ಲಿ ಜಯಂತಿಯ ಮಾಧವಿ ಗಂಡನಿಂದ ಸಿಗದ ಸುಖಕ್ಕಾಗಿ ಹಂಬಲಿಸಿ, ಚಂದ್ರಶೇಖರ್ ಅಭಿನಯಿಸಿದ ತರುಣನತ್ತ ವಾಲುತ್ತಾಳೆ. ವಿವಾಹಿತೆಯ ಬಯಕೆಯನ್ನು ಕೇಡಿನ ಗುಣವೆನ್ನದೆ ನೋವೆಂದು ತೋರಿಸಿದ ಧೈರ್ಯ ಅದು. ಅದೇ ವರ್ಷ ಗಿರೀಶ ಕಾರ್ನಾಡರ ‘ಕಾಡು’ ಬಂತು. ಅಲ್ಲಿ ಗಂಡ ಪರಸ್ತ್ರೀಯ ಹಿಂದೆ ಹೋಗಿದ್ದು ಹಳ್ಳಿಗಳ ನಡುವಿನ ಹಗೆಗೆ ಎಣ್ಣೆ ಹೊಯ್ಯುತ್ತದೆ. ಹೆಂಡತಿಯಾಗಿ ನಟಿಸಿದ ನಂದಿನಿ ಭಕ್ತವತ್ಸಲ ರಾಷ್ಟ್ರಪ್ರಶಸ್ತಿ ಪಡೆದರು.

ವಿವಾಹಿತೆಯ ಬಯಕೆಯ ಇಂಥ ಕಥೆಯನ್ನು ಫ್ರಾನ್ಸಿನ ಲೂಯಿ ಮಾಲ್ 1958ರಲ್ಲೇ ‘ಲೆಝಾಮಾಂ’ ಚಿತ್ರವಾಗಿ ತೆಗೆದಿದ್ದರು. ಅದರ ನಾಯಕಿ ಗಂಡ, ಮಗಳು, ಪ್ಯಾರಿಸ್ಸಿನ ಪ್ರಿಯಕರ ಎಲ್ಲರನ್ನೂ ಬಿಟ್ಟು, ಹಿಂದಿನ ದಿನವಷ್ಟೇ ಕಂಡವನೊಂದಿಗೆ ಬೆಳಗಿನ ಜಾವ ಹೊರಟುಬಿಡುತ್ತಾಳೆ. ಅಮೆರಿಕದ ಒಹಾಯೊದಲ್ಲಿ ಈ ಚಿತ್ರ ತೋರಿಸಿದ ಚಿತ್ರಮಂದಿರದ ಮ್ಯಾನೇಜರ್‌ಗೆ ದಂಡ ಬಿತ್ತು. 1964ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ತೆರೆಯ ಮೇಲಿನ ಸ್ವಾತಂತ್ರ್ಯ ಫ್ರಾನ್ಸಿನ ಕಾನೂನಿನಲ್ಲಿ ಇರಲಿಲ್ಲ. 1810ರ ದಂಡಸಂಹಿತೆಯಂತೆ ತಪ್ಪಿದ ಹೆಂಡತಿಗೆ 3 ತಿಂಗಳಿಂದ 2 ವರ್ಷ ಸೆರೆ. ಗಂಡನಿಗೆ ಬರೀ ದಂಡ, ಅದೂ ಇನ್ನೊಬ್ಬಳನ್ನು ಮನೆಯೊಳಗೇ ಇಟ್ಟುಕೊಂಡರೆ. ಆ ನಿಯಮ ತೊಲಗಿದ್ದು 1975ರಲ್ಲಿ.

ನಮ್ಮ ದಂಡಸಂಹಿತೆಯ 497ನೇ ಕಲಂ ಬೇರೆ ದಾರಿ ಹಿಡಿದಿತ್ತು. ಹೆಂಡತಿಗೆ ಶಿಕ್ಷೆಯಿಲ್ಲ, ಪರಪುರುಷನಿಗೆ ಮಾತ್ರ; ಆದರೆ ಅವಳ ಗಂಡನ ಒಪ್ಪಿಗೆಯಿದ್ದರೆ ಅಪರಾಧವೇ ಇಲ್ಲ. ಅಂದರೆ ಹೆಂಡತಿ ಗಂಡನ ಸೊತ್ತು. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ಕಲಮನ್ನು ರದ್ದುಪಡಿಸಿತು. ವ್ಯಭಿಚಾರ ಈಗ ವಿಚ್ಛೇದನಕ್ಕೆ ಕಾರಣವಾಗಬಲ್ಲದು, ಜೈಲಿಗಲ್ಲ.

ಕಾನೂನು ಬದಲಾದರೂ ಅವನಿಗೊಂದು ಅಳತೆ, ಅವಳಿಗೊಂದು ಅಳತೆ ಎಂಬ ರೂಢಿ ಉಳಿದಿದೆ. ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳಲ್ಲಿ, ಪೀಣ್ಯದ ಬಾಡಿಗೆ ಮನೆಗಳಲ್ಲಿ ಇಬ್ಬರೂ ದುಡಿಯುವ ಸಂಸಾರಗಳಿವೆ. ಗಂಡ ಹಗಲು ಪಾಳಿ, ಹೆಂಡತಿ ರಾತ್ರಿ ಪಾಳಿಯಾದರೆ ಮಾತಿಗೂ ಹೊತ್ತಿಲ್ಲ. ಆ ದೂರವನ್ನು, ಅಲ್ಲಿ ಹುಟ್ಟುವ ಸುಳ್ಳನ್ನು, ಒಂಟಿತನವನ್ನು ಕಾವೇರಿ, ಮಾಧವಿಯರಷ್ಟೇ ಆಳವಾಗಿ ತೋರಿಸುವ ಕನ್ನಡ ಚಿತ್ರ ಬರಬೇಕು. ಪುಟ್ಟಣ್ಣ ಅವಳ ಅಳಲನ್ನು ಕೇಳಿಸಿದರು. ಇಬ್ಬರನ್ನೂ ಎದುರುಬದುರು ಕೂರಿಸಿ, ಒಂದೇ ನ್ಯಾಯದಲ್ಲಿ ವಿಚಾರಿಸುವ ಕೆಲಸ ಈಗಿನ ನಿರ್ದೇಶಕರದು.