ನಿಮಗಿದು ಗೊತ್ತೇ? ಎದೆಯ ಆರೋಗ್ಯ: ಪ್ಲಾಸ್ಟಿಕ್ ಸರ್ಜನ್ ಹೇಳುವ ಮಾತು

● ಸೇಲಂ, ಧರ್ಮಪುರಿ, ಕೃಷ್ಣಗಿರಿಯ ಬಾರಾಮಹಲ್ ಸೀಮೆ ಮೈಸೂರಿನ ಕೈತಪ್ಪಿ ಇಂಗ್ಲಿಷರ ಪಾಲಾದದ್ದು 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ. ಪ್ಲಾಸ್ಟಿಕ್ ಸರ್ಜರಿಯ ಭಾರತೀಯ ಪಾಠ ಇಂಗ್ಲೆಂಡಿಗೆ ಮುಟ್ಟಿದ್ದೂ ಆ ಒಪ್ಪಂದದಲ್ಲಿ ಮುಗಿದ ಯುದ್ಧದಿಂದ. ಇಂಗ್ಲಿಷ್ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೋವಾಸ್ಜಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆಮೇಲೆ ಪುಣೆಯ ಬಳಿ ಒಬ್ಬ ನಾಟಿ ವೈದ್ಯ ಅವನ ಹಣೆಯ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಮಾತ್ರ ಅಂಟಿಕೊಂಡಿರುವಂತೆ ಬಿಟ್ಟು, ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಇದನ್ನು ಚಿತ್ರದ ಸಮೇತ ಅಚ್ಚು ಹಾಕಿತು. 1814ರಲ್ಲಿ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಲಂಡನ್ನಿನಲ್ಲಿ ಅದೇ ವಿಧಾನವನ್ನು ಮಾಡಿ ತೋರಿಸಿದರು.

● ಕ್ಯಾನ್ಸರಿಗಾಗಿ ತೆಗೆದ ಸ್ತನವನ್ನು ಮತ್ತೆ ಕಟ್ಟುವುದರ ಹಿಂದೆಯೂ ಇದೇ ಸೂತ್ರವಿದೆ: ರಕ್ತದ ಹರಿವನ್ನು ಉಳಿಸಿಕೊಂಡೇ ಅಂಗಾಂಶವನ್ನು ಜಾಗ ಬದಲಿಸುವುದು. ಬೇರಿನ ಮಣ್ಣು ಉದುರದಂತೆ ಸಸಿ ಎತ್ತಿ ನೆಟ್ಟ ಹಾಗೆ. ಇಟಲಿಯ ಇಜಿನಿಯೊ ತಾನ್ಸಿನಿ 1906ರಲ್ಲಿ ಬೆನ್ನಿನ ಅಗಲ ಸ್ನಾಯುವನ್ನು ಚರ್ಮದ ಜೊತೆಗೇ ಎದೆಗೆ ತಿರುಗಿಸುವ ಕ್ರಮವನ್ನು ವಿವರಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. 1982ರಲ್ಲಿ ಅಮೆರಿಕದ ಕಾರ್ಲ್ ಹಾರ್ಟ್‌ರಾಂಫ್ ಹೊಕ್ಕುಳ ಕೆಳಗಿನ ಚರ್ಮ ಮತ್ತು ಕೊಬ್ಬಿನಿಂದ ಸ್ತನ ಕಟ್ಟುವ ದಾರಿ ತೋರಿಸಿದರು. ಈಗ ಹೊಟ್ಟೆಯ ಸ್ನಾಯುವನ್ನು ಬಹುಪಾಲು ಹಾಗೆಯೇ ಬಿಟ್ಟು, ಚರ್ಮ, ಕೊಬ್ಬು ಮತ್ತು ಸಣ್ಣ ರಕ್ತನಾಳಗಳನ್ನಷ್ಟೇ ಬಿಡಿಸಿಕೊಂಡು, ಸೂಕ್ಷ್ಮದರ್ಶಕದ ಕೆಳಗೆ ಎದೆಯ ನಾಳಗಳಿಗೆ ಹೊಲಿಯುತ್ತಾರೆ. ಆ ನಾಳಗಳ ಅಗಲ ಎರಡು ಮೂರು ಮಿಲಿಮೀಟರ್, ದಾರ ಕೂದಲಿಗಿಂತ ಸಣ್ಣದು.

● ಸಿಸೇರಿಯನ್ ಆದವರಿಗೆ ಹೊಟ್ಟೆಯಿಂದ ಸ್ತನ ಕಟ್ಟಲಾಗದು ಎಂಬ ಮಾತು ಬಹುಮಟ್ಟಿಗೆ ತಪ್ಪು. ಕಿಬ್ಬೊಟ್ಟೆಯ ಅಡ್ಡ ಗಾಯದ ಗುರುತು ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ.

● ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ಎದೆಯಲ್ಲಿ ಗಂಟು ಸಿಕ್ಕಿದ ಹೆಂಗಸು ತಿಂಗಳುಗಟ್ಟಲೆ ಯಾರಿಗೂ ಹೇಳದೆ ಇರುವುದಕ್ಕೆ ಸಾವಿನ ಹೆದರಿಕೆಯೊಂದೇ ಕಾರಣವಲ್ಲ. ‘ಎದೆ ತೆಗೆದುಬಿಡುತ್ತಾರೆ’ ಎಂಬ ಭಯ ಅದರಷ್ಟೇ ದೊಡ್ಡದು. ನಾಚಿಕೆ ಇದೆ, ಗಂಡ ಏನೆಂದುಕೊಳ್ಳುತ್ತಾರೋ ಎಂಬ ಅಳುಕಿದೆ, ಮಗಳ ಮದುವೆ ಮುಗಿಯಲಿ ಎಂಬ ಲೆಕ್ಕವಿದೆ. ಬೇಗ ತೋರಿಸಿಕೊಂಡರೆ ಎದೆ ಉಳಿಯುವ ಸಾಧ್ಯತೆ ಹೆಚ್ಚು, ತೆಗೆದರೂ ಮತ್ತೆ ಕಟ್ಟಬಹುದು ಎಂಬ ಸಂಗತಿ ಪೆನ್ನಾಗರದ ಹಳ್ಳಿಗೂ ಡೆಂಕಣಿಕೋಟೆಯ ಕಾಡಂಚಿನ ಊರಿಗೂ ಮುಟ್ಟಬೇಕು.

● 1882ರಲ್ಲಿ ಅಮೆರಿಕದ ವಿಲಿಯಂ ಹಾಲ್ಸ್ಟೆಡ್ ಆರಂಭಿಸಿದ ಶಸ್ತ್ರಚಿಕಿತ್ಸೆಯಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುವೂ ಕಂಕುಳಿನ ಗ್ರಂಥಿಗಳೂ ಹೋಗುತ್ತಿದ್ದವು. ಸುಮಾರು ಮುಕ್ಕಾಲು ಶತಮಾನ ಅದೇ ನಡೆಯಿತು. ಅದು ಎಲ್ಲರಿಗೂ ಬೇಕಿಲ್ಲ ಎಂದು ಸಾಬೀತು ಮಾಡಿದವರು ಅಮೆರಿಕದ ಬರ್ನಾರ್ಡ್ ಫಿಶರ್ ಮತ್ತು ಇಟಲಿಯ ಉಂಬೆರ್ತೊ ವೆರೊನೇಸಿ. ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟವರೂ ಇಡೀ ಸ್ತನ ತೆಗೆಸಿಕೊಂಡವರಷ್ಟೇ ಕಾಲ ಬದುಕಿದರು ಎಂಬ ಇಪ್ಪತ್ತು ವರ್ಷಗಳ ಫಲಿತಾಂಶವನ್ನು ಇಬ್ಬರೂ 2002ರಲ್ಲಿ ಪ್ರಕಟಿಸಿದರು. ಆದರೆ ಇದು ಗಂಟು ಚಿಕ್ಕದಿರುವಾಗ ಸಲ್ಲುವ ಮಾತು.

● ಪ್ರಜ್ಞೆ ತಪ್ಪಿಸಿ ಮಾಡಿದ, ದಾಖಲೆ ಇರುವ ಮೊದಲ ದೊಡ್ಡ ಶಸ್ತ್ರಚಿಕಿತ್ಸೆ ಸ್ತನ ಕ್ಯಾನ್ಸರಿನದೇ. 1804ರ ಅಕ್ಟೋಬರ್ 13ರಂದು ಜಪಾನಿನ ಹನಾವೋಕಾ ಸೇಶೂ 60 ವರ್ಷದ ಹೆಂಗಸಿಗೆ ಗಿಡಮೂಲಿಕೆಯ ಮದ್ದು ಕುಡಿಸಿ ಗಡ್ಡೆ ತೆಗೆದರು. ಆ ಮದ್ದಿನಲ್ಲಿ ಮುಖ್ಯವಾಗಿದ್ದದ್ದು ನಮ್ಮ ರಸ್ತೆಬದಿಯಲ್ಲಿ ಬೆಳೆಯುವ ದತ್ತೂರಿಯ ಜಾತಿಯ ಗಿಡ. ಅದು ವಿಷ. ಮನೆಯಲ್ಲಿ ಮುಟ್ಟುವ ವಸ್ತುವಲ್ಲ.

● ನೋವಿಲ್ಲದ ಗಂಟನ್ನೇ ಹೆಚ್ಚು ಗಮನಿಸಬೇಕು. ಕ್ಯಾನ್ಸರಿನ ಗಂಟು ಮೊದಮೊದಲು ಬಹುಪಾಲು ನೋಯುವುದಿಲ್ಲ. ಮುಟ್ಟು ಹತ್ತಿರ ಬಂದಾಗ ಎರಡೂ ಕಡೆ ಭಾರವಾಗಿ ನೋಯುವುದು ಸಾಮಾನ್ಯವಾಗಿ ಹಾರ್ಮೋನುಗಳ ಏರಿಳಿತ. ಹರೆಯದ ಹುಡುಗಿಯ ಎದೆಯಲ್ಲಿ ಬೆರಳಿನಡಿ ಜಾರುವ ಗಂಟು ಹೆಚ್ಚಾಗಿ ಫೈಬ್ರೊಅಡಿನೋಮಾ, ಕ್ಯಾನ್ಸರ್ ಅಲ್ಲ. ಆದರೂ ಅದನ್ನು ತೀರ್ಮಾನಿಸಬೇಕಾದವರು ಡಾಕ್ಟರು, ಪಕ್ಕದ ಮನೆಯವರಲ್ಲ.

● ಗಂಟಿಲ್ಲದೆಯೂ ಗುರುತುಗಳಿರಬಹುದು: ಇತ್ತೀಚೆಗೆ ಒಳಕ್ಕೆ ಎಳೆದುಕೊಂಡ ತೊಟ್ಟು, ರಕ್ತ ಬೆರೆತ ಸ್ರಾವ, ಕಿತ್ತಳೆ ಸಿಪ್ಪೆಯಂತೆ ಗುಳಿಬಿದ್ದ ಚರ್ಮ, ಕಂಕುಳಿನಲ್ಲಿ ಗಡ್ಡೆ. ತೊಟ್ಟಿನ ಮೇಲೆ ಮುಲಾಮಿಗೆ ಮಾಯದ ಕಜ್ಜಿಯಿದ್ದರೆ ಅದು ಪೇಜೆಟ್ ಕಾಯಿಲೆ ಎಂಬ ತೊಟ್ಟಿನ ಕ್ಯಾನ್ಸರೂ ಆಗಿರಬಹುದು.

● ಶಾಂಘೈನ ಬಟ್ಟೆ ಗಿರಣಿಗಳ 2.66 ಲಕ್ಷ ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಕ್ರಮವಾಗಿ ಸ್ವಯಂ ಪರೀಕ್ಷೆ ಕಲಿಸಿ ನೋಡಿದರು. 2002ರಲ್ಲಿ ಬಂದ ಫಲಿತಾಂಶ: ಅದರಿಂದ ಸಾವು ಕಡಿಮೆಯಾಗಲಿಲ್ಲ. ಹಾಗಾಗಿ ಈಗ ಹೇಳುವುದು ತಿಂಗಳಿಗೊಮ್ಮೆಯ ವ್ರತವನ್ನಲ್ಲ. ನಿಮ್ಮ ಎದೆ ಮಾಮೂಲಾಗಿ ಹೇಗಿರುತ್ತದೆಂದು ತಿಳಿದಿರಿ, ಬದಲಾದರೆ ತಡಮಾಡದೆ ಹೋಗಿ ಎಂದಷ್ಟೇ. ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಬೇರೆ ದಾರಿ ಹಿಡಿಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷೆ ಮಾಡಿದರು. ಸುಮಾರು 1.5 ಲಕ್ಷ ಹೆಂಗಸರ ಈ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇಕಡ 30ರಷ್ಟು ಇಳಿದಿತ್ತು. ದೊಡ್ಡ ಯಂತ್ರವಿಲ್ಲದ ಊರಿಗೆ ಇದಕ್ಕಿಂತ ಭರವಸೆಯ ಸುದ್ದಿ ಬೇರೆ ಬೇಕೆ?

● 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಆರೋಗ್ಯ ಕೇಂದ್ರದಲ್ಲಿ ಸ್ತನ ಪರೀಕ್ಷೆ ಎಂಬುದು ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49ರ ವಯಸ್ಸಿನವರ ಪೈಕಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ. 2022ರಲ್ಲಿ ದೇಶದಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಬಂದವರು ಸುಮಾರು 1.92 ಲಕ್ಷ ಎಂಬ ಅಂದಾಜಿದೆ. ತೀರಿಕೊಂಡವರು ಸುಮಾರು 98 ಸಾವಿರ.

● ತಮಿಳುನಾಡಿನಲ್ಲಿ ಮನೆ ಬಾಗಿಲಿಗೇ ಚಿಕಿತ್ಸೆ ತರುವ ‘ಮಕ್ಕಳೈ ತೇಡಿ ಮರುತ್ತುವಂ’ 2021ರ ಆಗಸ್ಟ್ 5ರಂದು ಶುರುವಾದದ್ದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಮನೆಗೆ ಬರುವ ಕಾರ್ಯಕರ್ತೆ ಬಿಪಿ, ಸಕ್ಕರೆ ಕೇಳಿದಾಗ ಎದೆಯ ಗಂಟಿನ ವಿಷಯವನ್ನೂ ಹೇಳಿಬಿಡಿ. ಅಲ್ಲಿಂದ ಮುಂದೆ ತೋರಿಸಲು ಸೇಲಂನ ಮೋಹನ್ ಕುಮಾರಮಂಗಲಂ ಸರ್ಕಾರಿ ಮೆಡಿಕಲ್ ಕಾಲೇಜು 1986ರಿಂದ ಇದೆ, ಧರ್ಮಪುರಿಯ ಕಾಲೇಜು 2008ರಿಂದ. ಹೊಸೂರು ಕಡೆಯವರಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಹತ್ತಿರ. ಅದು 1973ರದು. ಚೆನ್ನೈ ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟನ್ನು 1954ರಲ್ಲಿ ಆರಂಭಿಸಿದವರು ಡಾ. ಮುತ್ತುಲಕ್ಷ್ಮಿ ರೆಡ್ಡಿ, ತಂಗಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ಸಂಕಟ ಅವರನ್ನು ಈ ಕೆಲಸಕ್ಕೆ ಹಚ್ಚಿತ್ತು.

● ತಮಿಳುನಾಡಿನ ಮುಖ್ಯಮಂತ್ರಿ ವಿಮಾ ಕಾರ್ಡಿನಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅವಕಾಶವಿದೆ. ಯಾವ ಶಸ್ತ್ರಚಿಕಿತ್ಸೆ ಅದರಡಿ ಬರುತ್ತದೆ ಎಂಬುದನ್ನು ಅಡ್ಮಿಟ್ ಆಗುವ ಮೊದಲೇ ವಿಮಾ ಕೌಂಟರಿನಲ್ಲಿ ಕೇಳಿಕೊಳ್ಳಿ.

● ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸುವ ಅಕ್ಕಂದಿರು ಗಮನಿಸಿ: ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಜಾಗ ಬದಲಿಸಿದ ಅಂಗಾಂಶಕ್ಕೆ ರಕ್ತ ಸಾಲದೆ ಅದು ಕಪ್ಪಾಗಿ ಸಾಯಬಹುದು. ಶಸ್ತ್ರಚಿಕಿತ್ಸೆಗೆ ಕಡೇ ಪಕ್ಷ ನಾಲ್ಕು ವಾರ ಮೊದಲೇ ಬಿಡಬೇಕು. ಪೂರ್ತಿ ಬಿಟ್ಟರೆ ಬಾಯಿಗೂ ಒಳ್ಳೆಯದು.

● ಸ್ತನದೊಳಗೆ ಕೂರಿಸುವ ಸಿಲಿಕೋನ್ ಇಂಪ್ಲಾಂಟ್ ಮೊದಲು ಹಾಕಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್ನಿನಲ್ಲಿ. ಅದು ಜೀವನಪೂರ್ತಿ ಬಾಳುವ ವಸ್ತುವಲ್ಲ, ಮುಂದೆ ಬದಲಿಸಬೇಕಾಗಬಹುದು. ಅಪರೂಪದ ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿನ ನಂಟಿನಿಂದಾಗಿ 2019ರಲ್ಲಿ ಒರಟು ಮೇಲ್ಮೈಯ ಒಂದು ಜಾತಿಯ ಇಂಪ್ಲಾಂಟನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ರೇಡಿಯೇಷನ್ ಆದ ಎದೆಗೆ ಸ್ವಂತ ಅಂಗಾಂಶವೇ ಹೆಚ್ಚು ಹೊಂದುತ್ತದೆ.

● ಪ್ಲಾಸ್ಟಿಕ್ ಸರ್ಜನ್ ಬಳಿ ಹೋಗಲು ಕ್ಯಾನ್ಸರೇ ಆಗಬೇಕಿಲ್ಲ. ಅತಿ ಭಾರದ ಸ್ತನಗಳಿಂದ ಕತ್ತು, ಭುಜ ನೋಯುತ್ತಾ, ಬ್ರಾದ ಪಟ್ಟಿ ಭುಜದಲ್ಲಿ ಗುಳಿ ಮಾಡಿ, ಬೇಸಿಗೆಯಲ್ಲಿ ಅಡಿಭಾಗ ಬೆಂದು ಹುಣ್ಣಾಗುವವರಿಗೆ ಗಾತ್ರ ಇಳಿಸುವ ಶಸ್ತ್ರಚಿಕಿತ್ಸೆ ಶೋಕಿಯಲ್ಲ, ನೋವಿಗೆ ಪರಿಹಾರ. ಮುಂದೆ ಹಾಲೂಡಿಸುವ ಆಸೆ ಇದ್ದರೆ ಮೊದಲೇ ತಿಳಿಸಿ. ಚಿಕ್ಕಂದಿನಲ್ಲಿ ಎದೆ ಸುಟ್ಟುಕೊಂಡ ಹುಡುಗಿಗೆ ಹರೆಯದಲ್ಲಿ ಸ್ತನ ಬೆಳೆಯದಂತೆ ಕಂಡರೆ, ಸುಟ್ಟ ಚರ್ಮ ಬಿಗಿಹಿಡಿದಿದ್ದು ಅಡಿಯಲ್ಲಿ ಗ್ರಂಥಿ ಚೆನ್ನಾಗಿಯೇ ಇರಬಹುದು. ಆ ಬಿಗಿತ ಬಿಡಿಸಬಹುದು. ಸುಟ್ಟ ಕೂಡಲೇ ಮಾಡಬೇಕಾದದ್ದು 20 ನಿಮಿಷ ಹರಿಯುವ ತಣ್ಣೀರು. ಇಂಕು, ದೋಸೆಹಿಟ್ಟು ಬೇಡ.

● ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ, ಒಟ್ಟು ಪ್ರಕರಣಗಳಲ್ಲಿ ನೂರಕ್ಕೆ ಒಂದರಷ್ಟು. ಕಪ್ಪು ಬ್ರಾದಿಂದಾಗಲಿ, ಎದೆಗೆ ಬಿದ್ದ ಪೆಟ್ಟಿನಿಂದಾಗಲಿ ಕ್ಯಾನ್ಸರ್ ಬರುವುದಿಲ್ಲ. ಸೂಜಿ ಚುಚ್ಚಿ ಪರೀಕ್ಷಿಸಿದರೆ ಹರಡುತ್ತದೆ ಎಂದು ಹೆದರಿ ಬಯಾಪ್ಸಿ ಬೇಡವೆನ್ನಬೇಡಿ. ಒಟ್ಟು 12 ತಿಂಗಳು ಹಾಲೂಡಿಸಿದರೆ ತಾಯಿಗೆ ಸ್ತನ ಕ್ಯಾನ್ಸರಿನ ಅಪಾಯ ಶೇಕಡ 4ರಷ್ಟು ತಗ್ಗುತ್ತದೆ.

● ಹೊಸ ಸ್ತನ ಕಟ್ಟಿಸಿಕೊಂಡರೆ ಕ್ಯಾನ್ಸರ್ ಮರಳುವ ಅಪಾಯ ಹೆಚ್ಚುವುದಿಲ್ಲ. ಮೊದಲಿನ ಸ್ಪರ್ಶಜ್ಞಾನ ಪೂರ್ತಿ ಬರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಕಟ್ಟಿಸಿಕೊಳ್ಳುವುದು ಬೇಡವೆನ್ನುವ ಹಕ್ಕೂ ಆ ಹೆಂಗಸಿನದೇ. ಎದೆ ಸಮತಟ್ಟಾಗಿಯೇ ಇರಲಿ ಎನ್ನುವವರು ಹತ್ತಿಯ ಕೃತಕ ಸ್ತನವನ್ನು ರವಿಕೆಯೊಳಗೆ ಇಟ್ಟುಕೊಳ್ಳಬಹುದು. ಬೇಕೆನ್ನುವವರು ಸ್ತನ ತೆಗೆಯುವ ಶಸ್ತ್ರಚಿಕಿತ್ಸೆಗೆ ಮೊದಲೇ ಪ್ಲಾಸ್ಟಿಕ್ ಸರ್ಜನ್‌ರನ್ನು ಕಾಣುವುದು ಮೇಲು, ಏಕೆಂದರೆ ಎಲ್ಲಿ ಕತ್ತರಿಸಬೇಕು, ಎಷ್ಟು ಚರ್ಮ ಉಳಿಸಬೇಕು ಎಂಬುದು ಆಗಲೇ ತೀರ್ಮಾನವಾಗುತ್ತದೆ. ವರ್ಷಗಳ ಹಿಂದೆ ಸ್ತನ ತೆಗೆಸಿಕೊಂಡು, ಇಂಥದೊಂದು ದಾರಿ ಇದೆ ಎಂದು ಯಾರೂ ಹೇಳದೆ ಹೋದವರು ಈಗಲೂ ಹೋಗಿ ಕೇಳಬಹುದು.