ಮೆಣಸಿನ ಬಳ್ಳಿ ಕಟ್ಟಿದ ಮನೆಗಳು

ಗೋವಾದ ಚಾಂದೋರಿನಲ್ಲಿ ಬ್ರಗಾಂಜಾ ಮನೆತನದ ಬಂಗಲೆಯಿದೆ. ಬೀದಿಯುದ್ದಕ್ಕೂ ಚಾಚಿದ ಮುಂಭಾಗ, ಸಾಲು ಸಾಲು ಕಿಟಕಿ, ನೃತ್ಯಕ್ಕೆಂದೇ ಒಂದು ಹಜಾರ, ಪುಸ್ತಕ ಭಂಡಾರ, ಮನೆಯೊಳಗೇ ಪ್ರಾರ್ಥನಾ ಮಂದಿರ. ಪೋರ್ಚುಗಲ್ಲಿನ ಹಳ್ಳಿಗಾಡಿನ ಸಿರಿವಂತರ ಮನೆಗಳ ಅಭಿರುಚಿ ಅಲ್ಲಿ ಗೋವಾದ ಕ್ರೈಸ್ತ ಭೂಮಾಲೀಕರ ಕೈಯಲ್ಲಿ ಮೈದಳೆದಿದೆ. ಅದು ನಿಂತಿರುವುದು ಗೋವಾದ ಕದಂಬರ ರಾಜಧಾನಿಯಾಗಿದ್ದ ಚಂದ್ರಪುರದ ನೆಲದಲ್ಲಿ.

ಪೋರ್ಚುಗೀಸರು ಹೊನ್ನಾವರದಲ್ಲೂ ಎಂಟು ದಶಕಕ್ಕೂ ಮಿಕ್ಕಿ ಇದ್ದರು. ಆದರೂ ಅದರ ಪಕ್ಕದ ಹಳದೀಪುರದ ಸುತ್ತಮುತ್ತ ಅಂಥ ಬಂಗಲೆ ಏಳಲಿಲ್ಲ. ಕಾರಣ ನೆಲದಲ್ಲಿದೆ. 1543ರಲ್ಲಿ ಚಾಂದೋರಿರುವ ಸಾಷ್ಟಿ ಸೀಮೆಯ ಹಳ್ಳಿಗಳೇ ಅವರ ವಶಕ್ಕೆ ಬಂದವು. ಹೊನ್ನಾವರದಲ್ಲಿ 1569ರಲ್ಲಿ ಸಿಕ್ಕಿದ್ದು ಕೋಟೆ ಮಾತ್ರ. ಕೋಟೆಯ ಹೊರಗಿನ ಸೀಮೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯದು, ಅವಳ ನಂತರ ಕೆಳದಿ ಅರಸರದು. ಪರಂಗಿಯವರೇ ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಮೆಣಸು ಬೇಕಿದ್ದರೆ ಅವರು ಕೊಳ್ಳಬೇಕಿತ್ತು, ಬೆಳೆಯುವ ತೋಟ ಅವರದಾಗಿರಲಿಲ್ಲ. ಅರಸರ ಬಳಿಗೂ ಅವರೇ ಹೋಗಬೇಕಿತ್ತು: 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಹೋಗಿ, ಘಟ್ಟ ಹತ್ತಿ ಇಕ್ಕೇರಿಯಲ್ಲಿ ಕೆಳದಿಯ ಅರಸ ವೆಂಕಟಪ್ಪ ನಾಯಕನನ್ನು ಕಂಡ. ಮುಂದೆ ಶಿವಪ್ಪ ನಾಯಕನ ಕಾಲಕ್ಕೆ ಕೋಟೆಯೂ ಪೋರ್ಚುಗೀಸರ ಕೈಬಿಟ್ಟಿತು.

ಹೀಗಾಗಿ ಈ ಸೀಮೆಯ ದೊಡ್ಡ ಮನೆಯೆಂದರೆ ಅಡಿಕೆ ತೋಟದ ಮನೆ. ಪೋರ್ಚುಗೀಸರ ಹಣ ಹರಿದದ್ದು ಇಂಥ ತೋಟಗಳ ಮೆಣಸಿನ ಬಳ್ಳಿಗಾಗಿಯೇ.

ಈ ತೋಟದ ಮನೆ ಬೀದಿಗೆ ಮುಖ ಮಾಡುವುದಿಲ್ಲ, ಅಂಗಳಕ್ಕೆ ಮುಖ ಮಾಡುತ್ತದೆ. ಚಿರೆಕಲ್ಲು ಇಲ್ಲವೇ ಮಣ್ಣಿನ ಗೋಡೆ, ಉದ್ದನೆಯ ಜಗಲಿ, ಒಳಗೆ ತಗ್ಗಿದ ಬಾಗಿಲು, ಮೇಲೆ ಅಟ್ಟ, ಪಕ್ಕದಲ್ಲಿ ಕೊಟ್ಟಿಗೆ. ಮೊದಲು ಮಾಡಿಗೆ ಅಡಿಕೆ ಸೋಗೆ ಹೊದಿಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಿಧಾನಕ್ಕೆ ಕೆಂಪು ಹಂಚು ಬಂತು. ಅಂಗಳ ಬಿಡುವಿಲ್ಲದ ಜಾಗ: ಸಿಪ್ಪೆ ಸಮೇತ ಒಣಗಿಸುವ ಚಾಲಿ ಅಡಿಕೆಗೆ ಅಲ್ಲಿ ತಿಂಗಳಿಗೂ ಹೆಚ್ಚು ಬಿಸಿಲು ಬೇಕು, ಮೆಣಸಿಗೆ ಕೆಲವೇ ದಿನ. ಅಕಾಲದಲ್ಲಿ ಮೋಡ ಕವಿದರೆ ಮನೆಮಂದಿಯೆಲ್ಲ ಅಂಗಳಕ್ಕೆ ಓಡುತ್ತಾರೆ.

ತೋಟ ಕೆಳಗೆ, ಹಳ್ಳದ ಬದಿಯಲ್ಲಿ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ, ಅದರ ನೆರಳಿಗೆ ಏಲಕ್ಕಿ, ಬಾಳೆ. ಕೊನೆಗಾರ ಕಾಲಿಗೆ ತಳೆ ಹಾಕಿಕೊಂಡು ಮರವೇರುತ್ತಾನೆ. ಕೊನೆ ಕೊಯ್ದ ಮೇಲೆ ಕೆಳಗಿಳಿಯದೆ, ಮರವನ್ನೇ ಬಾಗಿಸಿ ಪಕ್ಕದ ಮರ ಹಿಡಿಯುತ್ತಾನೆ. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ನೆಲ ಮುಟ್ಟುತ್ತದೆ. ಈ ಕಸುಬು ಬಲ್ಲವರು ಈಗ ಊರಿಗೊಬ್ಬರು ಸಿಕ್ಕರೂ ಭಾಗ್ಯ.

ತೋಟದ ಬೆನ್ನಿಗೆ ಸೊಪ್ಪಿನ ಬೆಟ್ಟ. ಮರಗಳ ಬುಡಕ್ಕೆ ಹೊದಿಸುವ ಸೊಪ್ಪು, ಕೊಟ್ಟಿಗೆಯ ಹಾಸು, ಗೊಬ್ಬರ ಎಲ್ಲ ಅಲ್ಲಿಂದಲೇ. ಬ್ರಿಟಿಷರ ಕಾಲದಲ್ಲಿ ಹೀಗೆ ಸೊಪ್ಪು ತರುವ ಹಕ್ಕು ಅರಣ್ಯದ ಕಾಯಿದೆಯೊಳಗೆ ಸೇರಿತು, ನಿರ್ಬಂಧಗಳೊಂದಿಗೆ. ಮನೆ, ತೋಟ, ಬೆಟ್ಟ ಮೂರೂ ಸೇರಿದರೇ ಒಂದು ಎಸ್ಟೇಟು. ಮನೆಯೊಂದನ್ನೇ ಉಳಿಸಿಕೊಂಡರೆ ಉಳಿಯುವುದು ಗೋಡೆ ಮಾತ್ರ.

1801ರಲ್ಲಿ ಹೊನ್ನಾವರ, ಹಳದೀಪುರ, ಮಿರ್ಜಾನಿನ ದಾರಿಯಲ್ಲಿ ಸಾಗಿದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್, ಹವ್ಯಕ ಬ್ರಾಹ್ಮಣರು ತಮ್ಮ ತೋಟದಲ್ಲಿ ತಾವೇ ದುಡಿಯುವುದನ್ನು ಬರೆದಿಟ್ಟ. ಆ ಮಾತು ನಿಜ. ಆದರೆ ದುಡಿದವರು ಅವರಷ್ಟೇ ಅಲ್ಲ. ಸೊಪ್ಪು ಹೊತ್ತ ಹೆಂಗಸರು, ಮೆಣಸಿನ ಮೂಟೆಯನ್ನು ಶರಾವತಿಯಲ್ಲಿ ದಾಟಿಸಿದ ಅಂಬಿಗರು, ಗದ್ದೆ ಗೇಯ್ದ ಹಾಲಕ್ಕಿ ಒಕ್ಕಲಿಗರು, ಇವರ ಬೆವರಿಲ್ಲದೆ ಯಾವ ಜಗಲಿಯೂ ಎದ್ದಿಲ್ಲ. 1974ರ ಭೂಸುಧಾರಣೆಯಲ್ಲಿ ಎಷ್ಟೋ ಗೇಣಿ ಗದ್ದೆಗಳು ಉತ್ತವರ ಹೆಸರಿಗೆ ಬಂದವು. ಈ ಮನೆಗಳ ಚರಿತ್ರೆ ಹೇಳುವಾಗ ಅದನ್ನು ಬಿಟ್ಟರೆ ಅರ್ಧವೇ ಹೇಳಿದಂತೆ.

ಚಾಂದೋರಿನ ಬಂಗಲೆಯನ್ನು ಪ್ರವಾಸಿಗರು ಒಳಹೊಕ್ಕು ನೋಡುತ್ತಾರೆ. ಇಲ್ಲಿ ಪಾಲಾದ ಮನೆಗಳ ತೊಲೆ, ಕಂಬ, ಕೆತ್ತನೆಯ ಬಾಗಿಲು ಬಿಚ್ಚಿ ಹಳೆ ಸಾಮಾನಿನವರ ಲಾರಿ ಏರುತ್ತಿವೆ. ಅಟ್ಟದ ಮೇಲಿನ ಲೆಕ್ಕದ ಕಡತಗಳಿಗೆ ಗೆದ್ದಲು ಹತ್ತುತ್ತಿದೆ. ಯಾರಿಗೆ ಎಷ್ಟು ಮೆಣಸು ಮಾರಿದರು, ಯಾರ ಕೂಲಿ ಎಷ್ಟಿತ್ತು ಎಂಬುದು ಸಿಗುವುದು ಅಂಥ ಹಾಳೆಗಳಲ್ಲೇ. ಬಾಗಿಲು ಬಿಚ್ಚುವ ಮುಂಚೆ ಆ ಹಾಳೆಗಳ ಫೋಟೊ ತೆಗೆದಿಡಲು ಒಂದು ಮೊಬೈಲ್ ಸಾಕು.